ಊರು ಬಿಡದೆ ದೇವಶಾಸ್ತ್ರ

ಹುಮನಾಬಾದಿನಲ್ಲೋ ಬಸವಕಲ್ಯಾಣದಲ್ಲೋ ವಾರವೆಲ್ಲ ಅಂಗಡಿಯಲ್ಲಿ ದುಡಿದು, ಭಾನುವಾರ ಹಳ್ಳಿಯ ಸಭೆಯಲ್ಲಿ ಪ್ರಸಂಗ ಮಾಡುವ ಯುವಕನಿಗೆ ದೇವಶಾಸ್ತ್ರವನ್ನು ಕ್ರಮವಾಗಿ ಓದಬೇಕೆನಿಸಿದರೆ ಹಿಂದೆ ಗಂಟುಮೂಟೆ ಕಟ್ಟಲೇಬೇಕಿತ್ತು. ಬಾಸೆಲ್ ಮಿಷನ್ 1847ರಲ್ಲಿ ತೆರೆದ ಸೆಮಿನರಿಯಿಂದ ಬೆಳೆದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇರುವುದು ರಾಜ್ಯದ ಇನ್ನೊಂದು ತುದಿಯಾದ ಮಂಗಳೂರಿನ ಬಲ್ಮಠದಲ್ಲಿ. 1910ರ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಬೆಂಗಳೂರಿನಲ್ಲಿ. ಮೆಥೋಡಿಸ್ಟರ ಲಿಯೊನಾರ್ಡ್ ಕಾಲೇಜು ದೂರದ ಜಬಲ್‌ಪುರದಲ್ಲಿ. ಹೆಂಡತಿ ಮಕ್ಕಳಿದ್ದವನು ಸಂಬಳ ಬಿಟ್ಟು ವರ್ಷಗಟ್ಟಲೆ ಹಾಸ್ಟೆಲಿನಲ್ಲಿರುವುದು ಆಗುವ ಮಾತಲ್ಲ.

ಈಗ ಪಾಠ ಮೊಬೈಲಿಗೇ ಬಂದಿದೆ. ಆನ್‌ಲೈನ್ ಸೆಮಿನರಿಗೆ ಅರ್ಜಿ ತುಂಬುವುದು ಕೆಲವೇ ನಿಮಿಷಗಳ ಕೆಲಸ. ಓದಿ ಮುಗಿಸಿದ ಮೇಲೆ ಸಿಗುವ ಕಾಗದವನ್ನು ಯಾರು ಒಪ್ಪುತ್ತಾರೆ ಎಂಬ ಪ್ರಶ್ನೆ ಅಷ್ಟು ಬೇಗ ಬಗೆಹರಿಯುವಂಥದಲ್ಲ.

ದುಡಿಯುತ್ತಲೇ ಕಲಿಯುವುದು ಕಲ್ಯಾಣದ ನೆಲಕ್ಕೆ ಹೊಸದೇನಲ್ಲ. ಹನ್ನೆರಡನೇ ಶತಮಾನದಲ್ಲಿ ಇಲ್ಲಿ ಕೂಡಿದ ಶರಣರಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನಿದ್ದ, ದೋಣಿ ನಡೆಸುವ ಅಂಬಿಗರ ಚೌಡಯ್ಯನಿದ್ದ. ಬೀದರ್ ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಸಭೆಗಳನ್ನು ಹೊಂದಿರುವ ಮೆಥೋಡಿಸ್ಟರಿಗೂ ಇದು ಹಳೆಯ ಪರಿಪಾಠವೇ. ಅಮೆರಿಕದಲ್ಲಿ ಕುದುರೆಯೇರಿ ಊರೂರು ತಿರುಗುತ್ತಿದ್ದ ಅವರ ಬೋಧಕರಿಗೆ ಕಾಲೇಜಿನ ಕಟ್ಟೆ ಹತ್ತುವ ಪುರಸೊತ್ತಿರಲಿಲ್ಲ. ಅದಕ್ಕೆಂದೇ 1816ರಲ್ಲಿ, ಸೇವೆ ಮಾಡುತ್ತಲೇ ಪುಸ್ತಕ ಓದಿ ಪರೀಕ್ಷೆ ಕೊಡುವ ಪಾಠಕ್ರಮ ಗೊತ್ತುಮಾಡಲಾಯಿತು.

ಇದರ ಆಧುನಿಕ ರೂಪ 1963ರಲ್ಲಿ ಗ್ವಾಟೆಮಾಲಾದಲ್ಲಿ ಶುರುವಾಯಿತು. ವಿದ್ಯಾರ್ಥಿ ಸೆಮಿನರಿಗೆ ಬರಲಾಗದಿದ್ದರೆ ಸೆಮಿನರಿಯೇ ಅವನ ಊರಿಗೆ ಹೋಗಲಿ ಎಂಬುದು ಅಲ್ಲಿನ ಪ್ರೆಸ್‌ಬಿಟೇರಿಯನ್ನರ ಆಲೋಚನೆ. 1971ರಲ್ಲಿ ಬೆಂಗಳೂರಿನಲ್ಲಿ ನೆಲೆಗೊಂಡ 'ಟಾಫ್ಟೀ' ಸಂಸ್ಥೆ ಅದೇ ದಾರಿ ಹಿಡಿಯಿತು. ಮನೆಯಲ್ಲಿ ಪಾಠ ಓದಿ ಉತ್ತರ ಬರೆಯಬೇಕು. ಬಳಿಕ ಹತ್ತಿರದ ಊರಿನಲ್ಲಿ ಸಹಪಾಠಿಗಳು ಮಾರ್ಗದರ್ಶಕನ ಜೊತೆ ಕೂತು ಚರ್ಚಿಸಬೇಕು. ಇಂದಿನ ಅನೇಕ ಆನ್‌ಲೈನ್ ಕೋರ್ಸುಗಳಲ್ಲಿ ಪಾಠ ಉಳಿದಿದೆ, ಈ ಕೂಟ ಮಾಯವಾಗಿದೆ.

ಪದವಿಯ ವಿಷಯಕ್ಕೆ ಬಂದರೆ, ನಮ್ಮಲ್ಲಿ ಹೆಚ್ಚು ಮಾತು ನಡೆಯುವುದು ಸೆರಾಂಪುರದ್ದು. ವಿಲಿಯಂ ಕೇರಿ ಮತ್ತು ಸಂಗಡಿಗರು 1818ರಲ್ಲಿ ಕಟ್ಟಿದ ಆ ಕಾಲೇಜಿಗೆ ಪದವಿ ಕೊಡುವ ಅಧಿಕಾರವನ್ನು 1827ರಲ್ಲಿ ನೀಡಿದವನು ಡೆನ್ಮಾರ್ಕಿನ ದೊರೆ. ಊರು ಆಗ ಡೇನರ ಕೈಯಲ್ಲಿತ್ತು. ಮಂಗಳೂರು, ಬೆಂಗಳೂರಿನ ಮೇಲಿನ ಕಾಲೇಜುಗಳು ಸೆರಾಂಪುರದ ಸೆನೆಟ್‌ಗೆ ಸೇರಿದವು. ಕೆಲಸದಲ್ಲಿರುವವರು ಊರಲ್ಲೇ ಓದಬಹುದಾದ 'ಕ್ರಿಶ್ಚಿಯನ್ ಸ್ಟಡೀಸ್' ಪದವಿಯೂ ಸೆನೆಟ್‌ನಲ್ಲಿದೆ. ಆದರೆ ಅದು ಸಾಮಾನ್ಯ ವಿಶ್ವಾಸಿಗಳಿಗಾಗಿ ರೂಪಿಸಿದ್ದು. ಪಾದ್ರಿಯಾಗುವವರ ಬಿ.ಡಿ. ಬೇರೆಯೇ. ಎಡವುವುದು ಇಲ್ಲಿಯೇ.

ಸೆನೆಟ್‌ಗೆ ಸೇರದ ಸೆಮಿನರಿಗಳಲ್ಲಿ ಕೆಲವಕ್ಕೆ ಏಷ್ಯಾ ಥಿಯಲಾಜಿಕಲ್ ಅಸೋಸಿಯೇಷನ್ನಿನ ಮನ್ನಣೆಯುಂಟು. ಎರಡೂ ಇಲ್ಲದವೂ ಸಾಕಷ್ಟಿವೆ. ಹಣ ಕಟ್ಟಿದವರಿಗೆಲ್ಲ 'ಡಾಕ್ಟರೇಟ್' ಹಂಚುವವರೂ ಇದ್ದಾರೆ. ಆ ಬಿರುದು ಸುವಾರ್ತಾ ಕೂಟದ ಪೋಸ್ಟರಿನಲ್ಲಿ ದೊಡ್ಡಕ್ಷರದಲ್ಲಿ ಕಾಣಿಸಿಕೊಳ್ಳುತ್ತದೆ. 1956ರ ಯುಜಿಸಿ ಕಾಯ್ದೆಯ 22ನೇ ಕಲಮಿನ ಪ್ರಕಾರ, ಕಾನೂನು ಅಧಿಕಾರ ಕೊಟ್ಟ ಸಂಸ್ಥೆಗಳ ಹೊರತು ಬೇರಾರೂ ಪದವಿ ಕೊಡುವಂತಿಲ್ಲ. ದೇವರ ಸೇವೆಗೆ ಕಾಯ್ದೆಯ ಹಂಗೇಕೆ ಎನ್ನಬಹುದು. ಅದೇ ಕಾಗದ ಹಿಡಿದು ಸರಕಾರಿ ಕೆಲಸಕ್ಕೋ ಉನ್ನತ ವ್ಯಾಸಂಗಕ್ಕೋ ಹೋದಾಗ ಹಂಗು ಗೊತ್ತಾಗುತ್ತದೆ.

ಇನ್ನು ದೀಕ್ಷೆ. ಅದನ್ನು ಕೊಡುವುದು ಸೆಮಿನರಿಯಲ್ಲ, ಸಭೆ. ಮೆಥೋಡಿಸ್ಟರಲ್ಲಿ ಅಭ್ಯರ್ಥಿಯ ಹೆಸರು ಮೊದಲು ಸ್ಥಳೀಯ ಸಭೆಯಿಂದ ಬರಬೇಕು. ತೀರ್ಮಾನ ಮೇಲಿನ ಸಮ್ಮೇಳನದ್ದು. ಸ್ವತಂತ್ರ ಸಭೆಗಳ ನಿಯಮ ಒಂದೊಂದು ಕಡೆ ಒಂದೊಂದು. ಹಾಗಾಗಿ ಫೀಸು ಕಟ್ಟುವ ಮುನ್ನವೇ ತನ್ನ ಸಭೆ ಯಾವ ಓದನ್ನು ಒಪ್ಪುತ್ತದೆಂದು ಕೇಳಿಕೊಳ್ಳುವುದು ಲೇಸು. ಬಹುತೇಕ ಸೆಮಿನರಿಗಳು ಅಂಕಪಟ್ಟಿಯ ಜೊತೆಗೆ ಸಭಾಪಾಲಕರ ಶಿಫಾರಸು ಪತ್ರ ಬೇಡುವುದರಿಂದ, ಅದನ್ನು ತರಲು ಹೋದಾಗಲೇ ಈ ಮಾತನ್ನೂ ಕೇಳಬಹುದು.

ಭಾಷೆಯ ತೊಡಕು ಬೇರೆ. ಆನ್‌ಲೈನ್ ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ವಿದೇಶಿ ಸೆಮಿನರಿಯ ನೇರ ತರಗತಿಯಾದರೆ ಇಲ್ಲಿ ನಡುರಾತ್ರಿಯೂ ಆದೀತು. ರಾತ್ರಿ ಇಂಗ್ಲಿಷಿನಲ್ಲಿ ಓದಿದ್ದನ್ನು ಭಾನುವಾರ ಮರಾಠಿ, ಉರ್ದು ಬೆರೆತ ಬೀದರ್ ಕನ್ನಡದಲ್ಲಿ, ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ತಿಳಿಯುವಂತೆ ಹೇಳಬೇಕು. ಅದಕ್ಕೆ ಯಾವ ಕೋರ್ಸಿನಲ್ಲೂ ಅಂಕವಿಲ್ಲ.