ಕೊಟ್ಟಿಗೆಯ ಸೆಕೆಯನ್ನು ಮೊಬೈಲಿಗೆ ತಿಳಿಸುವ ಸಾಧನ



ಬೇಸಿಗೆಯಲ್ಲಿ ಹಾಲು ಇಳಿಯಿತು, ಹಸು ಗಬ್ಬ ಕಟ್ಟಲಿಲ್ಲ ಎಂದು ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಸದಸ್ಯರು ಹೇಳುವುದುಂಟು. ಅನೇಕ ಸಲ ಇದಕ್ಕೆ ಕಾರಣ ಮೇವಲ್ಲ, ಮಧ್ಯಾಹ್ನದ ಸೆಕೆ. ಆ ಹೊತ್ತಿನಲ್ಲಿ ಮನೆಯವರು ಹೊಲದಲ್ಲೋ ತೋಟದಲ್ಲೋ ಇರುತ್ತಾರೆ. ಕೊಟ್ಟಿಗೆಯ ಉಷ್ಣತೆ ಮತ್ತು ತೇವಾಂಶವನ್ನು ಅಳೆದು, ತಂತಿಯಿಲ್ಲದೆ ಮೊಬೈಲಿಗೆ ತಿಳಿಸುವ ಸಾಧನ ಆಗ ನೆರವಿಗೆ ಬರುತ್ತದೆ.

ಇದು ನಮಗೆ ಹೊಸದೇನಲ್ಲ. ಹಿಂದೆ ಮಳೆಯನ್ನು ಬೆಳಿಗ್ಗೆ 8-30ಕ್ಕೆ ಒಬ್ಬರು ಹೋಗಿ ಅಳೆದು ಬರೆಯಬೇಕಿತ್ತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಅಳವಡಿಸಿದ ಮಳೆಮಾಪಕಗಳು ಸೌರಶಕ್ತಿಯಿಂದ ನಡೆದು, ಮೊಬೈಲ್ ಜಾಲದ ಮೂಲಕ ತಾವೇ ಲೆಕ್ಕ ಕಳುಹಿಸುತ್ತವೆ.

ತೇವಾಂಶ ಏಕೆ ಬೇಕು? ಉಷ್ಣತೆ ಮತ್ತು ತೇವಾಂಶ ಎರಡನ್ನೂ ಸೇರಿಸಿ 'ತಾಪ-ಆರ್ದ್ರತೆ ಸೂಚ್ಯಂಕ' ಲೆಕ್ಕ ಹಾಕುತ್ತಾರೆ. ಇದು 72 ದಾಟಿದರೆ ಹೆಚ್ಚು ಹಾಲು ಕೊಡುವ ಎಚ್.ಎಫ್. ಹಸುಗಳಿಗೆ ಒತ್ತಡ ಆರಂಭ. ಕಡೂರಿನ ಒಣಹವೆಯಲ್ಲಿ 35 ಡಿಗ್ರಿ, ಶೇ. 30 ತೇವಾಂಶವಿದ್ದರೆ ಸೂಚ್ಯಂಕ ಸುಮಾರು 81. ತರೀಕೆರೆಯ ತೋಟದ ನಡುವೆ 30 ಡಿಗ್ರಿಯೇ ಇದ್ದು ತೇವಾಂಶ ಶೇ. 80 ಆದರೆ ಸುಮಾರು 83! ಬರೀ ಉಷ್ಣಮಾಪಕ ನೋಡಿದವರು ಮೋಸಹೋಗುತ್ತಾರೆ. ಅಜ್ಜಂಪುರದ ಅಮೃತಮಹಲ್ ರಾಸು ತಡೆಯುವ ಸೆಕೆಯನ್ನು ಮಿಶ್ರತಳಿ ಹಸು ತಡೆಯಲಾರದು ಎಂಬುದೂ ನೆನಪಿರಲಿ.

ಕೊಳ್ಳುವ ಮುನ್ನ ಗಮನಿಸಿ:

1. ಬ್ಲೂಟೂತ್ ಸಾಧನದ ಸಂದೇಶ ಕೆಲವೇ ಮೀಟರ್ ದೂರ ಹೋಗುತ್ತದೆ, ಹೊಲದಲ್ಲಿರುವವರಿಗೆ ತಲುಪದು. ವೈ-ಫೈ ಸಾಧನಕ್ಕೆ ಮನೆಯಲ್ಲಿ ಇಂಟರ್ನೆಟ್ ಇರಬೇಕು, ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. ಸಿಮ್ ಹಾಕುವ ಸಾಧನಕ್ಕೆ ಕೊಟ್ಟಿಗೆಯಲ್ಲಿ ಸಿಗ್ನಲ್ ಸಾಕು. ಮೊದಲು ನಿಮ್ಮ ಮೊಬೈಲನ್ನು ಅಲ್ಲಿಟ್ಟು ನೋಡಿ.
2. ಅಳೆಯುವುದಕ್ಕಿಂತ ಕಳುಹಿಸುವುದಕ್ಕೆ ಬ್ಯಾಟರಿ ಹೆಚ್ಚು ಬೇಕು. ಅರ್ಧ ಗಂಟೆಗೊಮ್ಮೆ ಕಳುಹಿಸಿದರೆ ಸಾಕು.
3. ಸಿಗ್ನಲ್ ಇಲ್ಲದಾಗ ಅಂಕಿಗಳನ್ನು ನೆನಪಿಟ್ಟು ನಂತರ ಕಳುಹಿಸುವಂಥದ್ದನ್ನೇ ಆರಿಸಿ.

ಅಜ್ಜಂಪುರ ಕಡೆಯ ಸದಸ್ಯರೊಬ್ಬರು ಸಾಧನವನ್ನು ತಗಡಿನ ಶೀಟಿಗೆ ತಾಗುವಂತೆ ತೂಗುಹಾಕಿದ್ದರು. ಅದು ಹಗಲೆಲ್ಲ ಎಚ್ಚರಿಕೆ ಕೊಡುತ್ತಿತ್ತು. ಬೇಸತ್ತು ಅವರು ಸಂದೇಶ ನೋಡುವುದನ್ನೇ ಬಿಟ್ಟರು; ನಿಜವಾಗಿ ಸೆಕೆ ಏರಿದ ದಿನ ಹಸು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಆದ್ದರಿಂದ ಸಾಧನವನ್ನು ಹಸುವಿನ ಬೆನ್ನಿನ ಎತ್ತರದಲ್ಲಿ, ಬಿಸಿಲು ಮತ್ತು ನೀರು ತಾಗದ ಕಡೆ, ರಾಸಿನ ಬಾಯಿಗೆ ಸಿಗದಂತೆ ಕಟ್ಟಿ.

ಸಂದೇಶ ಬಂದರೆ ಹಸುವನ್ನು ನೆರಳಿಗೆ ತನ್ನಿ, ತಣ್ಣೀರು ಕುಡಿಸಿ, ಮೈಗೆ ನೀರು ಹಾಕಿ ಫ್ಯಾನ್ ಹಚ್ಚಿ. ಗಾಳಿಯಾಡದ ಕೊಟ್ಟಿಗೆಯಲ್ಲಿ ಬರೀ ನೀರು ಎರಚಿದರೆ ತೇವಾಂಶವೇ ಏರುತ್ತದೆ. ಮೇವನ್ನು ತಂಪು ಹೊತ್ತಿನಲ್ಲಿ ಕೊಡಿ. ಉಸಿರು ನಿಮಿಷಕ್ಕೆ 60 ಮೀರಿ, ಜೊಲ್ಲು ಸುರಿಯುತ್ತಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಯಿರಿ.

ಸಾಧನ ಸುದ್ದಿ ಮುಟ್ಟಿಸುತ್ತದೆ, ಅಷ್ಟೇ. ಹಸುವನ್ನು ತಂಪಾಗಿಸುವ ಕೆಲಸ ಮನೆಯವರದೇ. ದುಡ್ಡು ಕಡಿಮೆಯಿದ್ದರೆ ಮೊದಲು ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಆಮೇಲೆ ಸಾಧನ ಕೊಳ್ಳಿ.