ಒಂದು ವಾರದ ರಾಜ್ಯಭಾರ

ಜೂನ್ ತಿಂಗಳು ಬಂತೆಂದರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಂತ್ರಿಮಂಡಲ ರಚನೆಯ ಗಡಿಬಿಡಿ. ಏಳನೇ ತರಗತಿಯ ಹುಡುಗಿಯೊಬ್ಬಳು ಮುಖ್ಯಮಂತ್ರಿ, ಆರನೇ ತರಗತಿಯವನು ಆಹಾರ ಮಂತ್ರಿ, ಇನ್ನೊಬ್ಬ ಸ್ವಚ್ಛತಾ ಮಂತ್ರಿ. ವಿರೋಧ ಪಕ್ಷದ ನಾಯಕನೂ ಉಂಟು. ಮೇಷ್ಟ್ರೇ ಚುನಾವಣಾಧಿಕಾರಿ, ಬೆರಳಿಗೆ ಶಾಯಿ ಹಚ್ಚುವುದನ್ನೂ ಬಿಡುವುದಿಲ್ಲ. ಪ್ರಮಾಣವಚನ ಮುಗಿದ ಮಾರನೇ ದಿನದಿಂದ ಆಹಾರ ಮಂತ್ರಿ ಬಿಸಿಯೂಟದ ಸಾಲು ನೋಡಿಕೊಳ್ಳುತ್ತಾನೆ.

ಅಮೆರಿಕದಲ್ಲೂ ಹೆಚ್ಚಾಗಿ ಜೂನ್‌ನಲ್ಲೇ ಇಂಥದೊಂದು ಸರ್ಕಾರ ನಡೆಯುತ್ತದೆ. ಅದರ ಆಯುಷ್ಯ ಒಂದು ವಾರ, ವ್ಯಾಪ್ತಿ ಮಾತ್ರ ಇಡೀ ರಾಜ್ಯ. ಹುಡುಗರದ್ದು ‘ಬಾಯ್ಸ್ ಸ್ಟೇಟ್’, ಹುಡುಗಿಯರದ್ದು ‘ಗರ್ಲ್ಸ್ ಸ್ಟೇಟ್’. ಹನ್ನೊಂದನೇ ತರಗತಿ ಮುಗಿಸಿ ಹನ್ನೆರಡಕ್ಕೆ ಕಾಲಿಡುವ ಮಕ್ಕಳು ಯಾವುದಾದರೂ ಕಾಲೇಜಿನ ಹಾಸ್ಟೆಲ್‌ನಲ್ಲಿ ಸೇರುತ್ತಾರೆ. ಪಕ್ಷ ಕಟ್ಟಿ, ಪ್ರಚಾರ ಮಾಡಿ, ಮೇಯರ್‌ನಿಂದ ಗವರ್ನರ್‌ವರೆಗೆ ತಮ್ಮವರನ್ನೇ ಆರಿಸಿ, ಮಸೂದೆ ಮಂಡಿಸಿ, ವಾದಿಸಿ, ಸೋತು ಗೆದ್ದು ಮನೆಗೆ ಹೊರಡುತ್ತಾರೆ. ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿಗೋ ಅನಾಪೊಲಿಸ್‌ನ ನೌಕಾ ಅಕಾಡೆಮಿಗೋ ಸೇರಬೇಕೆಂದಿರುವ ಮಕ್ಕಳಿಗೆ ಅಲ್ಲಿ ಸಿಗುವ ಸಲಹೆಗಳಲ್ಲಿ ಇದೂ ಒಂದು: ಅವಕಾಶ ಸಿಕ್ಕರೆ ಬಾಯ್ಸ್ ಸ್ಟೇಟ್‌ಗೆ ಹೋಗಿ ಬಾ. ಬಂದೂಕು ಹಿಡಿಯಲು ಹೊರಟವನಿಗೆ ಮತಪೆಟ್ಟಿಗೆಯ ಸಹವಾಸ ಯಾಕೆ ಎಂದು ಯಾರಿಗಾದರೂ ಅನ್ನಿಸಬಹುದು.

ಬಾಯ್ಸ್ ಸ್ಟೇಟ್ ಹುಟ್ಟುಹಾಕಿದವರೇ ಬಂದೂಕು ಹಿಡಿದು ಬಂದವರು. ‘ಅಮೆರಿಕನ್ ಲೀಜನ್’ ಎಂಬುದು ಮಾಜಿ ಸೈನಿಕರ ಸಂಘ. ಮೊದಲ ಮಹಾಯುದ್ಧ ಮುಗಿದು ಇನ್ನೂ ಊರಿಗೆ ಮರಳದಿದ್ದ ಸೈನಿಕರು 1919ರಲ್ಲಿ ಪ್ಯಾರಿಸ್‌ನಲ್ಲಿ ಸಭೆ ಸೇರಿ ಅದಕ್ಕೆ ಬುನಾದಿ ಹಾಕಿದರು. ಮೂವತ್ತರ ದಶಕದ ಹೊತ್ತಿಗೆ ಯುರೋಪಿನಲ್ಲಿ ಹಿಟ್ಲರ್, ಮುಸೊಲಿನಿಯರ ಯುವದಳಗಳು ಸಮವಸ್ತ್ರ ತೊಟ್ಟು ಮೆರವಣಿಗೆ ನಡೆಸುತ್ತಿದ್ದವು. ಅಮೆರಿಕದೊಳಗೆ ಆರ್ಥಿಕ ಕುಸಿತದ ಬಿಸಿ. ಕಮ್ಯುನಿಸ್ಟರು ‘ಯಂಗ್ ಪಯನಿಯರ್’ ಹೆಸರಿನಲ್ಲಿ ಮಕ್ಕಳ ಶಿಬಿರ ನಡೆಸುತ್ತಿದ್ದರು. ಪ್ರಜಾಪ್ರಭುತ್ವದ ದಿನ ಮುಗಿಯಿತು ಎಂಬ ಮಾತು ಎಳೆಯರ ಕಿವಿಗೆ ಬೀಳುತ್ತಿದ್ದ ಕಾಲ ಅದು. ಇಲಿನಾಯ್ ರಾಜ್ಯದ ಲೀಜನ್ ಸದಸ್ಯರಾದ ಹೇಯ್ಸ್ ಕೆನಡಿ ಮತ್ತು ಹೆರಾಲ್ಡ್ ಕಾರ್ಡ್ ಇದಕ್ಕೆ ಉತ್ತರವಾಗಿ ಹುಡುಗರ ಕೈಗೇ ಒಂದು ಸರ್ಕಾರ ಕೊಟ್ಟು ನೋಡೋಣ ಎಂದರು. ಕೆನಡಿ ಕಾನೂನು ಪಾಠ ಹೇಳುತ್ತಿದ್ದವರು, ಕಾರ್ಡ್ ಶಾಲಾ ಮೇಷ್ಟ್ರು. 1935ರ ಜೂನ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಜಾತ್ರೆ ಮೈದಾನದಲ್ಲಿ ಮೊದಲ ಬಾಯ್ಸ್ ಸ್ಟೇಟ್ ನಡೆಯಿತು. ಎರಡು ವರ್ಷ ಕಳೆದು ಲೀಜನ್‌ನ ಮಹಿಳಾ ಘಟಕ ಗರ್ಲ್ಸ್ ಸ್ಟೇಟ್‌ಗೆ ಒಪ್ಪಿಗೆ ಕೊಟ್ಟಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ವಾಷಿಂಗ್ಟನ್‌ನಲ್ಲಿ ನಡೆಯುವ ರಾಷ್ಟ್ರಮಟ್ಟದ ‘ಬಾಯ್ಸ್ ನೇಷನ್’ (1946) ಮತ್ತು ‘ಗರ್ಲ್ಸ್ ನೇಷನ್’ (1947) ಸೇರಿಕೊಂಡವು. ರಾಜ್ಯಕ್ಕೆ ಇಬ್ಬರಂತೆ ‘ಸೆನೆಟರ್’ಗಳು ಅಲ್ಲಿಗೆ ಹೋಗುತ್ತಾರೆ.

ವಾರ ಹೇಗೆ ಕಳೆಯುತ್ತದೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮೂಲ ಚೌಕಟ್ಟು ಮಾತ್ರ ಒಂದೇ. ಬಂದ ದಿನವೇ ಹುಡುಗರನ್ನು ಕಾಲ್ಪನಿಕ ‘ನಗರ’ಗಳಿಗೆ ಹಂಚುತ್ತಾರೆ, ಒಂದೇ ಶಾಲೆಯಿಂದ ಬಂದ ಗೆಳೆಯರು ಸಾಮಾನ್ಯವಾಗಿ ಬೇರೆಬೇರೆ ನಗರಕ್ಕೆ ಬೀಳುತ್ತಾರೆ. ಹಾಸ್ಟೆಲ್‌ನ ಒಂದು ಮಹಡಿಯೇ ಒಂದು ನಗರ. ಹಲವು ನಗರ ಸೇರಿ ಒಂದು ಕೌಂಟಿ, ಕೌಂಟಿಗಳು ಸೇರಿ ರಾಜ್ಯ. ಹಲವು ರಾಜ್ಯಗಳಲ್ಲಿ ಅರ್ಧ ಜನ ಫೆಡರಲಿಸ್ಟ್ ಪಕ್ಷ, ಇನ್ನರ್ಧ ನ್ಯಾಷನಲಿಸ್ಟ್ ಪಕ್ಷ. ಯಾರು ಯಾವ ಪಕ್ಷವೆಂದು ಅವರವರು ಆರಿಸಿಕೊಳ್ಳುವ ಹಾಗಿಲ್ಲ, ಪಾಲಿಗೆ ಬಂದದ್ದು. ಪಕ್ಷಕ್ಕೆ ಸಿದ್ಧಾಂತವೂ ಇರುವುದಿಲ್ಲ. ಪ್ರಣಾಳಿಕೆಯನ್ನು ಅಲ್ಲೇ ಕೂತು ಬರೆಯಬೇಕು. ಅಪ್ಪ ಯಾವ ಪಕ್ಷಕ್ಕೆ ಮತ ಹಾಕುತ್ತಾನೋ ಅದೇ ತನ್ನ ಪಕ್ಷ ಎಂದುಕೊಂಡು ಬಂದವನಿಗೆ ಮೊದಲ ಸಂಜೆಯೇ ಕಾಲಡಿಯ ನೆಲ ಸರಿಯುವುದು ಇಲ್ಲಿ.

ಆಮೇಲೆ ಶುರುವಾಗುವುದು ಸಹಿ ಬೇಟೆ. ಗವರ್ನರ್ ಹುದ್ದೆಗೆ ನಿಲ್ಲಬೇಕಾದರೆ ಇಷ್ಟು ಜನರ ಸಹಿ ಬೇಕೆಂಬ ನಿಯಮ ಇರುತ್ತದೆ. ಊಟದ ಸಾಲಿನಲ್ಲಿ, ಮೆಟ್ಟಿಲ ಮೇಲೆ, ಸ್ನಾನದ ಮನೆಯ ಹೊರಗೆ ಟವೆಲ್ ಹೊದ್ದು ನಿಂತವನ ಹತ್ತಿರವೂ ಕಾಗದ ಚಾಚಿ, ಹೆಸರು ಹೇಳಿ, ಕೈಕುಲುಕಿ, ಅರ್ಧ ನಿಮಿಷದಲ್ಲಿ ತನ್ನನ್ನು ತಾನು ಮಾರಿಕೊಳ್ಳಬೇಕು. ಹಿಂದಿನ ಸಂಜೆಯವರೆಗೆ ಆ ಹುಡುಗ ಯಾರೆಂದೇ ಗೊತ್ತಿಲ್ಲ. ಶಾಲೆಯಲ್ಲಿ ಪ್ರತಿ ಚುನಾವಣೆ ಗೆದ್ದು ಬಂದವರೇ ಇಲ್ಲಿ ಸಾಲಾಗಿ ಸೋಲುತ್ತಾರೆ. ಸೋತವನು ಸುಮ್ಮನಿರುವ ಹಾಗಿಲ್ಲ: ಗೆದ್ದವನಿಗೆ ಪ್ರಚಾರ ಮಾಡಬೇಕು, ಇಲ್ಲವೇ ನ್ಯಾಯಾಧೀಶನೋ ಪೊಲೀಸ್ ಅಧಿಕಾರಿಯೋ ಪತ್ರಿಕೆಯ ವರದಿಗಾರನೋ ಆಗಿ ಬೇರೆ ಕೆಲಸ ಹುಡುಕಿಕೊಳ್ಳಬೇಕು. ಬೆಳಿಗ್ಗೆ ಬಾವುಟ ಏರಿಸುವುದು, ಸಾಲಾಗಿ ನಡೆಯುವುದು, ಹೊತ್ತಿಗೆ ಸರಿಯಾಗಿ ದೀಪ ಆರಿಸುವುದು ಇದ್ದೇ ಇದೆ. ಮೇಲ್ವಿಚಾರಕರಲ್ಲಿ ಅನೇಕರು ಮಾಜಿ ಸೈನಿಕರು. ಖರ್ಚಿನ ಬಹುಪಾಲನ್ನು ಊರಿನ ಲೀಜನ್ ಶಾಖೆ, ಅಂಗಡಿ ಮುಂಗಟ್ಟುಗಳು, ಸೇವಾ ಸಂಸ್ಥೆಗಳು ಹೊರುತ್ತವೆ.

ಎಲ್ಲವೂ ಚಿನ್ನವೇನಲ್ಲ. 2017ರಲ್ಲಿ ಟೆಕ್ಸಾಸ್‌ನ ಬಾಯ್ಸ್ ಸ್ಟೇಟ್ ಶಾಸನಸಭೆ ಅಮೆರಿಕ ಒಕ್ಕೂಟದಿಂದಲೇ ಬೇರೆಯಾಗುವ ನಿರ್ಣಯ ಅಂಗೀಕರಿಸಿ ಸುದ್ದಿಯಾಯಿತು. ಅದನ್ನು ಓದಿದ ಅಮಾಂಡ ಮೆಕ್‌ಬೇನ್ ಮತ್ತು ಜೆಸ್ಸಿ ಮಾಸ್ ಮರುವರ್ಷ ಕ್ಯಾಮೆರಾ ಹೊತ್ತು ಆಸ್ಟಿನ್‌ಗೆ ಹೋದರು. ಸಾವಿರಕ್ಕೂ ಹೆಚ್ಚು ಹುಡುಗರ ನಡುವೆ ತೆಗೆದ ‘ಬಾಯ್ಸ್ ಸ್ಟೇಟ್’ ಸಾಕ್ಷ್ಯಚಿತ್ರ 2020ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ದೊಡ್ಡ ಬಹುಮಾನ ಗೆದ್ದಿತು. ಮನಸ್ಸಿನಲ್ಲಿ ಒಂದು ಇಟ್ಟುಕೊಂಡು ವೇದಿಕೆಯಲ್ಲಿ ಚಪ್ಪಾಳೆ ಬೀಳುವ ಇನ್ನೊಂದನ್ನು ಹೇಳುವ ಹುಡುಗ ಅದರಲ್ಲಿದ್ದಾನೆ. ಹಾಗೆ ಮಾಡಿದೆನೆಂದು ಕ್ಯಾಮೆರಾದ ಮುಂದೆ ಹೇಳಿಕೊಳ್ಳುತ್ತಾನೆ ಕೂಡ. ರಾಜಕೀಯದ ಕೊಳಕನ್ನು ಹದಿನೇಳರಲ್ಲೇ ಕಲಿಸುತ್ತಾರಲ್ಲ ಎಂದು ಬೇಸರಿಸುವವರಿದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಮೂವತ್ತೈದರಲ್ಲಿ ಸರ್ಕಾರಿ ಖರ್ಚಿನಲ್ಲಿ ಕಲಿಯುವುದಕ್ಕಿಂತ ಹದಿನೇಳರಲ್ಲಿ ಹಾಸ್ಟೆಲ್‌ನಲ್ಲಿ ಕಲಿಯುವುದು ಅಗ್ಗ.

ಇನ್ನು ಅಕಾಡೆಮಿಯ ವಿಷಯ. ವೆಸ್ಟ್ ಪಾಯಿಂಟ್ ಶುರುವಾದದ್ದು 1802ರಲ್ಲಿ, ಅನಾಪೊಲಿಸ್ 1845ರಲ್ಲಿ, ಕೊಲೊರಾಡೊದ ವಾಯುಪಡೆ ಅಕಾಡೆಮಿ 1954ರಲ್ಲಿ. ಓದು, ಊಟ, ವಸತಿ ಎಲ್ಲ ಸರ್ಕಾರದ್ದು, ಮೇಲೆ ತಿಂಗಳ ಭತ್ಯೆ. ಪದವಿ ಮುಗಿದ ಮೇಲೆ ಕನಿಷ್ಠ ಐದು ವರ್ಷ ಸೇವೆ ಸಲ್ಲಿಸಬೇಕು. ಅಂಕ ಎಷ್ಟೇ ಇರಲಿ, ಮೈಕಟ್ಟು ಎಷ್ಟೇ ಗಟ್ಟಿಯಿರಲಿ, ಈ ಮೂರಕ್ಕೂ ‘ನಾಮನಿರ್ದೇಶನ’ ಇಲ್ಲದೆ ಪ್ರವೇಶವಿಲ್ಲ. ನಾಮನಿರ್ದೇಶನ ಮಾಡುವವರು ಮುಖ್ಯವಾಗಿ ಜನಪ್ರತಿನಿಧಿಗಳು. ತನ್ನ ಕ್ಷೇತ್ರದ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಸದಸ್ಯರು, ರಾಜ್ಯದ ಇಬ್ಬರು ಸೆನೆಟರ್‌ಗಳು, ದೇಶದ ಉಪಾಧ್ಯಕ್ಷರು — ಹೀಗೆ ನಾಲ್ಕು ಬಾಗಿಲು ತಟ್ಟಬಹುದು. ಸೈನಿಕರ ಮಕ್ಕಳಿಗೆ ಮತ್ತು ಇನ್ನು ಕೆಲವರಿಗೆ ಬೇರೆ ದಾರಿಗಳೂ ಇವೆ. ಒಬ್ಬ ಕಾಂಗ್ರೆಸ್ ಸದಸ್ಯರ ಲೆಕ್ಕದಲ್ಲಿ ಒಂದು ಅಕಾಡೆಮಿಯಲ್ಲಿ ಏಕಕಾಲಕ್ಕೆ ಐವರು ಮಾತ್ರ ಇರಬಹುದು. ಕ್ಷೇತ್ರವಾರು ಹಂಚುವ ಈ ಕ್ರಮಕ್ಕೆ 1843ರಷ್ಟು ಹಿಂದೆಯೇ ಕಾನೂನಿನ ಮುದ್ರೆ ಬಿತ್ತು. ಕರಾವಳಿ ರಕ್ಷಣಾ ಪಡೆಯ ಅಕಾಡೆಮಿಗೆ ಮಾತ್ರ ಈ ರಗಳೆ ಇಲ್ಲ, ನೇರ ಅರ್ಜಿ.

ನಮ್ಮಲ್ಲಿ ಇದನ್ನು ಕೇಳಿದವರು ‘ಓಹೋ, ಶಿಫಾರಸು ಪತ್ರವಾ’ ಎಂದು ನಗುವುದುಂಟು. ಅಷ್ಟು ಸಲೀಸಲ್ಲ. ಬಹುತೇಕ ಸದಸ್ಯರು ಸಂದರ್ಶನ ಸಮಿತಿ ಮಾಡಿರುತ್ತಾರೆ. ಅದರಲ್ಲಿ ನಿವೃತ್ತ ಅಧಿಕಾರಿಗಳು, ಅಕಾಡೆಮಿಯಲ್ಲಿ ಓದಿದವರು, ಊರಿನ ಶಿಕ್ಷಕರು ಕೂತಿರುತ್ತಾರೆ. ಇತ್ತ ಅಕಾಡೆಮಿಯದ್ದೇ ಅಂಕಪಟ್ಟಿ ಬೇರೆ. ವೆಸ್ಟ್ ಪಾಯಿಂಟ್‌ನ ವಿಷಯದಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ ಇದು: ಓದಿಗೆ ನೂರಕ್ಕೆ 60, ನಾಯಕತ್ವಕ್ಕೆ 30, ದೇಹದಾರ್ಢ್ಯಕ್ಕೆ 10. ದೇಹದಾರ್ಢ್ಯ ಪರೀಕ್ಷೆಯಲ್ಲಿ ಮಂಡಿಯೂರಿ ಕೂತು ಬಾಸ್ಕೆಟ್‌ಬಾಲ್ ಎಸೆಯುವುದೂ ಒಂದು. ಎಷ್ಟೋ ಕ್ರೀಡಾಪಟುಗಳು ಮುಗ್ಗರಿಸುವುದು ಅಲ್ಲೇ.

ಬಾಯ್ಸ್ ಸ್ಟೇಟ್ ಬರುವುದು ಆ ನಾಯಕತ್ವದ ಮೂವತ್ತರೊಳಗೆ. ತರಗತಿಯ ಅಧ್ಯಕ್ಷ, ಕ್ರೀಡಾತಂಡದ ಕ್ಯಾಪ್ಟನ್, ಈಗಲ್ ಸ್ಕೌಟ್ (ಅಲ್ಲಿನ ಸ್ಕೌಟ್ ಹುಡುಗರ ಅತ್ಯುನ್ನತ ದರ್ಜೆ) ಇವುಗಳ ಪಕ್ಕದಲ್ಲಿ ಅದಕ್ಕೂ ಒಂದು ಸ್ಥಾನ. ವೆಸ್ಟ್ ಪಾಯಿಂಟ್ ತನ್ನ ಹೊಸ ತಂಡಗಳ ವಿವರ ಪ್ರಕಟಿಸುವಾಗ ಅವರಲ್ಲಿ ಬಾಯ್ಸ್ ಸ್ಟೇಟ್, ಗರ್ಲ್ಸ್ ಸ್ಟೇಟ್‌ಗೆ ಹೋಗಿ ಬಂದವರೆಷ್ಟು ಎಂದು ಪ್ರತ್ಯೇಕವಾಗಿ ಎಣಿಸಿ ತೋರಿಸುತ್ತ ಬಂದಿದೆ. ಹಾಗೆಂದು ಇದೇ ಕೀಲಿಕೈ ಎಂದುಕೊಂಡರೆ ತಪ್ಪು. ಪ್ರತಿವರ್ಷ ಸುಮಾರು 20,000 ಹುಡುಗರು ಇದರಲ್ಲಿ ಪಾಲ್ಗೊಳ್ಳುತ್ತಾರೆ. ವೆಸ್ಟ್ ಪಾಯಿಂಟ್ ಸೇರುವವರು ವರ್ಷಕ್ಕೆ ಸುಮಾರು 1,200 ಮಂದಿ. ಗಣಿತದಲ್ಲಿ ಹಿಂದಿರುವವನನ್ನು ಒಂದು ವಾರದ ಗವರ್ನರ್‌ಗಿರಿ ದಡ ಸೇರಿಸಲಾರದು.

ಅದು ಕೆಲಸಕ್ಕೆ ಬರುವುದು ಸಂದರ್ಶನದ ಕೋಣೆಯಲ್ಲಿ. ಬಾಯ್ಸ್ ಸ್ಟೇಟ್ ನಡೆಯುವುದು ಬೇಸಿಗೆ ರಜೆಯ ಆರಂಭಕ್ಕೆ. ನಾಮನಿರ್ದೇಶನದ ಅರ್ಜಿ, ಸಂದರ್ಶನಗಳು ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ. ಸಮಿತಿಯವರು ‘ನೀನು ನಂಬಿದ್ದು ಬಹುಮತಕ್ಕೆ ಬೇಡವಾದಾಗ ಏನು ಮಾಡಿದೆ?’ ಎಂದು ಕೇಳಿದರೆ, ಮಸೂದೆ ಬಿದ್ದುಹೋದ ಹುಡುಗನ ಬಳಿ ಹೇಳಲು ಒಂದು ಕಥೆ ಇರುತ್ತದೆ. ಗೆದ್ದ ಗವರ್ನರ್‌ಗಿಂತ ಎರಡು ಮತದಲ್ಲಿ ಸೋತ ಮೇಯರ್ ಅಭ್ಯರ್ಥಿಯೇ ಅಲ್ಲಿ ಚೆನ್ನಾಗಿ ಮಾತಾಡಿದರೆ ಅಚ್ಚರಿಯಿಲ್ಲ. ಪ್ರಬಂಧದಲ್ಲಿ ‘ನನ್ನಲ್ಲಿ ನಾಯಕತ್ವದ ಗುಣಗಳಿವೆ’ ಎಂದು ಬರೆಯುವವರು ಸಾವಿರ ಮಂದಿ. ಅಪರಿಚಿತರ ಹಾಸ್ಟೆಲ್‌ನಲ್ಲಿ ಆ ಗುಣ ಎಷ್ಟು ಜನರ ಸಹಿ ತಂದುಕೊಟ್ಟಿತು ಎಂದು ಹೇಳಬಲ್ಲವರು ಕಡಿಮೆ.

ಇದಕ್ಕಿಂತ ಆಳದ ಕಾರಣವೂ ಒಂದಿದೆ, ಅರ್ಜಿ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ. ಅಮೆರಿಕದ ಸೇನಾಧಿಕಾರಿ ಪ್ರಮಾಣ ಮಾಡುವುದು ಅಧ್ಯಕ್ಷರ ಹೆಸರಿನಲ್ಲಲ್ಲ, ಸೇನಾಪತಿಯ ಹೆಸರಿನಲ್ಲೂ ಅಲ್ಲ, ಸಂವಿಧಾನವನ್ನು ಕಾಯುತ್ತೇನೆಂದು. ಅವನ ಮೇಲಿನ ಕೊನೆಯ ಆಜ್ಞೆ ಸಮವಸ್ತ್ರವಿಲ್ಲದವರದ್ದು. ಪ್ರತಿ ರಾಜ್ಯದ ‘ನ್ಯಾಷನಲ್ ಗಾರ್ಡ್’ ಪಡೆಗೆ ಸಾಮಾನ್ಯ ದಿನಗಳಲ್ಲಿ ಮುಖ್ಯಸ್ಥರು ಆ ರಾಜ್ಯದ ಗವರ್ನರ್; ಪ್ರವಾಹ ಬಂದರೂ ಗಲಭೆಯಾದರೂ ಮೊದಲ ಕರೆ ಅವರದ್ದು. ಹದಿನೇಳರಲ್ಲಿ ಒಂದು ವಾರ ಗವರ್ನರ್ ಕುರ್ಚಿಯ ಹತ್ತಿರ ಸುಳಿದವನಿಗೆ, ಮುಂದೆ ಕ್ಯಾಪ್ಟನ್ ಆದಾಗ, ಆ ಕುರ್ಚಿಯಲ್ಲಿ ಕೂತವರು ಯಾಕೆ ತಡ ಮಾಡುತ್ತಾರೆ, ಯಾಕೆ ಯಾರ ಯಾರನ್ನೋ ಕೇಳುತ್ತಾರೆ ಎಂಬುದು ಸ್ವಲ್ಪವಾದರೂ ಅರ್ಥವಾದೀತು. ಸೇನೆ ಸರ್ಕಾರವನ್ನು ನುಂಗಿದ ದೇಶಗಳ ಪಟ್ಟಿ ನಮ್ಮ ನೆರೆಯಿಂದಲೇ ಶುರುವಾಗುತ್ತದಲ್ಲ.

ಈ ಶಿಬಿರದ ಅತಿ ಪ್ರಸಿದ್ಧ ಫೋಟೋದ ಕಥೆಯೂ ಸೊಗಸಾಗಿದೆ. 1963ರ ಜುಲೈ 24ರಂದು ಬಾಯ್ಸ್ ನೇಷನ್‌ಗೆ ಅರ್ಕನ್ಸಾಸ್‌ನಿಂದ ಬಂದಿದ್ದ ಹದಿನಾರರ ಹುಡುಗನೊಬ್ಬ ಶ್ವೇತಭವನದ ಗುಲಾಬಿ ತೋಟದಲ್ಲಿ ಅಧ್ಯಕ್ಷ ಕೆನಡಿಯವರ ಕೈಕುಲುಕಿದ. ಹುಡುಗನ ಹೆಸರು ಬಿಲ್ ಕ್ಲಿಂಟನ್. ಒಂದು ದಿನವೂ ಸೇನೆಯಲ್ಲಿರದ ಆತ ಮುಂದೆ ಮೂರೂ ಪಡೆಗಳ ಮಹಾದಂಡನಾಯಕನಾದ. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಓಹಾಯೋದ ಬಾಯ್ಸ್ ಸ್ಟೇಟ್‌ಗೆ ಹೋಗಿದ್ದವರು; ಅವರು ನೌಕಾಪಡೆಯ ಪೈಲಟ್ ಆಗಿ ಕೊರಿಯಾ ಯುದ್ಧದಲ್ಲಿ ಹಾರಿದರು.

ಹುಡುಗಿಯರ ಕಥೆ ಇಷ್ಟು ನೇರವಲ್ಲ. ಗರ್ಲ್ಸ್ ಸ್ಟೇಟ್ ಮೂವತ್ತರ ದಶಕದ್ದು, ಆದರೆ ವೆಸ್ಟ್ ಪಾಯಿಂಟ್, ಅನಾಪೊಲಿಸ್‌ಗಳ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದದ್ದು 1976ರಲ್ಲಿ. ಸುಮಾರು ನಲವತ್ತು ವರ್ಷ, ಗವರ್ನರ್ ಆಗಿ ತರಬೇತಾದ ಹುಡುಗಿಗೆ ಕೆಡೆಟ್ ಆಗಲು ದಾರಿ ಇರಲಿಲ್ಲ. ‘ಬಾಯ್ಸ್ ಸ್ಟೇಟ್’ ಸಾಕ್ಷ್ಯಚಿತ್ರದ ನಿರ್ದೇಶಕರೇ ಮಿಸೌರಿಯಲ್ಲಿ ತೆಗೆದ ‘ಗರ್ಲ್ಸ್ ಸ್ಟೇಟ್’ (2024) ಚಿತ್ರದಲ್ಲಿ, ಒಂದೇ ಕ್ಯಾಂಪಸ್ಸಿನ ಆಚೆ ಬದಿಯಲ್ಲಿ ನಡೆಯುತ್ತಿದ್ದ ಹುಡುಗರ ಶಿಬಿರಕ್ಕೆ ಹೆಚ್ಚು ಹಣ, ಹೆಚ್ಚು ಗಾಂಭೀರ್ಯ ಸಿಗುತ್ತಿದೆ ಎಂದು ಹುಡುಗಿಯೊಬ್ಬಳು ಲೆಕ್ಕ ತೆಗೆದು ವರದಿ ಬರೆಯುತ್ತಾಳೆ. ಆ ವಾರ ಅಲ್ಲಿ ನಡೆದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ಲೀಜನ್‌ನದ್ದಲ್ಲದ ಕಾರ್ಯಕ್ರಮಗಳೂ ಇವೆ. ವೈಎಂಸಿಎಯ ‘ಯೂತ್ ಆ್ಯಂಡ್ ಗವರ್ನಮೆಂಟ್’ 1936ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಯಿತು. ಅದರಲ್ಲಿ ಮಕ್ಕಳು ರಾಜ್ಯದ ನಿಜವಾದ ಶಾಸನಭವನದಲ್ಲೇ ಕೂತು ಮಸೂದೆ ಚರ್ಚಿಸುತ್ತಾರೆ. ಸೆನೆಟ್‌ನದ್ದೇ ಒಂದು ಯುವ ಕಾರ್ಯಕ್ರಮವೂ ಇದೆ; ರಾಜ್ಯಕ್ಕೆ ಇಬ್ಬರೇ, ಹಾಗಾಗಿ ಪೈಪೋಟಿ ಜೋರು.

ಭಾರತದಲ್ಲಿ ಮಕ್ಕಳ ಅಣಕು ಸರ್ಕಾರದ ದಾರಿ, ಸೇನಾ ಅಕಾಡೆಮಿಯ ದಾರಿ ಎರಡೂ ಕೂಡುವುದೇ ಇಲ್ಲ. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ (ಎನ್‌ಡಿಎ) ಯುಪಿಎಸ್‌ಸಿಯ ಲಿಖಿತ ಪರೀಕ್ಷೆ 900 ಅಂಕ, ಬೆಂಗಳೂರೂ ಸೇರಿದಂತೆ ಹಲವೆಡೆ ನಡೆಯುವ ಸೇನಾ ಆಯ್ಕೆ ಮಂಡಳಿಯ (ಎಸ್‌ಎಸ್‌ಬಿ) ಸಂದರ್ಶನ ಇನ್ನೊಂದು 900. ಸಂಸದರ ಪತ್ರಕ್ಕೆ ಅಲ್ಲಿ ಬೆಲೆಯಿಲ್ಲ, ಇರಬಾರದು ಕೂಡ. ಯುವ ಸಂಸತ್ ಸ್ಪರ್ಧೆಗಳು ಅರವತ್ತರ ದಶಕದಿಂದ ನಡೆಯುತ್ತಿವೆ, ಕರ್ನಾಟಕದ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಯೂ ಸೇರುತ್ತದೆ. ಅದರಲ್ಲಿ ಎದ್ದು ನಿಂತು ಶೌಚಾಲಯಕ್ಕೆ ನೀರಿಲ್ಲ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಎದುರು ಹೇಳಿದ ಹುಡುಗಿಗೆ ಯಾವ ಅಂಕವೂ ಇಲ್ಲ. ಆದರೂ ಎಸ್‌ಎಸ್‌ಬಿಯ ಗುಂಪು ಚರ್ಚೆಯಲ್ಲಿ ಅವಳ ಬಾಯಿ ಕಟ್ಟಲಾರದು. 2022ರಿಂದ ಎನ್‌ಡಿಎಯಲ್ಲಿ ಹುಡುಗಿಯರೂ ಇದ್ದಾರೆ.

ಡಲ್ಲಾಸ್, ನ್ಯೂಜೆರ್ಸಿ, ಬೇ ಏರಿಯಾಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ ಎರಡು ಮಾತು. ಅಕಾಡೆಮಿಗೆ ಅಮೆರಿಕದ ಪೌರತ್ವ ಬೇಕೇ ಬೇಕು, ಅದನ್ನು ಮೊದಲು ನೋಡಿಕೊಳ್ಳಿ. ಅಕಾಡೆಮಿಗಳೇ ಜೂನ್‌ನಲ್ಲಿ ನಡೆಸುವ ಬೇಸಿಗೆ ಶಿಬಿರದ ದಿನಾಂಕ ಕೆಲವೊಮ್ಮೆ ಬಾಯ್ಸ್ ಸ್ಟೇಟ್‌ನ ವಾರಕ್ಕೇ ಬೀಳುತ್ತದೆ. ಅಕಾಡೆಮಿ ಹೇಗಿರುತ್ತದೆಂದು ಗೊತ್ತಿಲ್ಲದ ಮಗುವಾದರೆ ಅಲ್ಲಿಗೆ, ಅಲ್ಲಿಗೇ ಹೋಗಬೇಕೆಂದು ಆಗಲೇ ಗಟ್ಟಿ ಮಾಡಿಕೊಂಡ ಮಗುವಾದರೆ ಬಾಯ್ಸ್ ಸ್ಟೇಟ್‌ಗೆ ಕಳಿಸುವುದು ಮೇಲು. ಹನ್ನೊಂದನೇ ತರಗತಿಯ ಚಳಿಗಾಲದಲ್ಲೇ ಶಾಲೆಯ ಕೌನ್ಸೆಲರ್‌ನನ್ನೋ ಊರಿನ ಲೀಜನ್ ಶಾಖೆಯನ್ನೋ ವಿಚಾರಿಸಿ. ಬೇಸಿಗೆಗೆ ಕಾದರೆ ಆ ವರ್ಷದ ಪಟ್ಟಿ ಮುಗಿದಿರುತ್ತದೆ.