ಮಂಜಿನಲ್ಲಿ ಕಾದು ಕುಳಿತ ನಕ್ಷತ್ರ
ಹೇಮಾವತಿಯ ಸೀಮೆಯ ಮಂಜರಾಬಾದ್ ಕೋಟೆ

ಮೂಡಿಗೆರೆಯ ಜಾವಳಿಯ ಬಳಿ ಹುಟ್ಟಿದ ಹೇಮಾವತಿ ಸಕಲೇಶಪುರವನ್ನು ಬಳಸಿ, ಗೊರೂರಿನ ಅಣೆಕಟ್ಟಿನಲ್ಲಿ ತಂಗಿ, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು ಕಾವೇರಿಯ ಮಡಿಲನ್ನು ಸೇರುತ್ತಾಳೆ. ಕೆಳಗಣ ಬಯಲಿನ ಹೊಳೆನರಸೀಪುರದಲ್ಲಿ ಪಾಳೆಯಗಾರರು ಹೊಳೆಯ ದಡವನ್ನೇ ನೆಚ್ಚಿ ಕೋಟೆ ಕಟ್ಟಿದರು. ಮೇಲಣ ಮಲೆನಾಡಿನಲ್ಲಿ, ಹೊಳೆಯ ಕಣಿವೆಯನ್ನು ದಾಟಿ ಘಟ್ಟ ಇಳಿಯುವ ದಾರಿಯ ನೆತ್ತಿಯಲ್ಲಿ, ಟಿಪ್ಪು ಸುಲ್ತಾನನು ಬೇರೊಂದು ಬಗೆಯ ಕೋಟೆಯನ್ನು ಕಟ್ಟಿಸಿದನು. ಅದೇ ಮಂಜರಾಬಾದ್.

ಹಾಸನದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರು ಸಾಗಿದರೆ ಸಕಲೇಶಪುರ. ಅಲ್ಲಿಂದ ಮಂಗಳೂರಿನ ಹೆದ್ದಾರಿಯಲ್ಲಿ ಇನ್ನೂ ಐದಾರು ಕಿಲೋಮೀಟರು ಹೋದರೆ ದೋಣಿಗಾಲಿನ ಬಳಿ ಗುಡ್ಡದ ಬುಡ ಸಿಕ್ಕುತ್ತದೆ. ಇನ್ನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತಬೇಕು. ಮಕ್ಕಳು ಓಡುತ್ತಾರೆ, ಹಿರಿಯರು ನಡುನಡುವೆ ಕುಳಿತು, ಕೆಳಗಣ ಕಾಫಿ ತೋಟಗಳನ್ನು ನೋಡುವ ನೆಪದಲ್ಲಿ ದಣಿವಾರಿಸಿಕೊಳ್ಳುತ್ತಾರೆ. ಸಮುದ್ರಮಟ್ಟದಿಂದ ಸುಮಾರು 3,240 ಅಡಿ ಎತ್ತರದ ಈ ನೆತ್ತಿಯಿಂದ, ಆಕಾಶ ತಿಳಿಯಾಗಿದ್ದ ದಿನ ಪಶ್ಚಿಮ ಸಮುದ್ರವೂ ಕಾಣುತ್ತದೆಂದು ಹೇಳುವವರಿದ್ದಾರೆ. ಆದರೆ ಅಂತಹ ದಿನಗಳು ಇಲ್ಲಿ ಅಪರೂಪ. ಕೋಟೆಯನ್ನು ನೋಡಲು ಬಂದ ಟಿಪ್ಪುವಿಗೆ ಮಂಜಲ್ಲದೆ ಬೇರೇನೂ ಕಾಣಲಿಲ್ಲವಂತೆ. ಅದರಿಂದಲೇ ‘ಮಂಜರಾಬಾದ್’ ಎಂಬ ಹೆಸರು ಬಂದಿತೆಂದು ಜನ ಹೇಳುತ್ತಾರೆ.

ಕೋಟೆ ಏಕೆ ಬೇಕಾಯಿತು?

1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಸೇನೆ ಕರಾವಳಿಯಿಂದ ಹೊಸಂಗಡಿ ಘಟ್ಟವನ್ನೇರಿ ಬಿದನೂರನ್ನು ವಶಪಡಿಸಿಕೊಂಡಿತು. ಹೈದರಾಲಿ ತೀರಿಕೊಂಡು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಕೆಲವೇ ತಿಂಗಳಲ್ಲಿ ಟಿಪ್ಪು ಬಿದನೂರನ್ನು ಮರಳಿ ಪಡೆದನು; 1784ರ ಮಾರ್ಚ್‌ನಲ್ಲಿ ಮಂಗಳೂರಿನ ಒಪ್ಪಂದವಾಯಿತು. ಆದರೆ ಘಟ್ಟದ ಬಾಗಿಲು ತೆರೆದಿದ್ದರೆ ಶತ್ರು ಮನೆಯೊಳಕ್ಕೇ ಬರುತ್ತಾನೆಂಬುದು ಮನದಟ್ಟಾಗಿತ್ತು. ಮಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಣ ಈ ದಾರಿಯ ಕಾವಲಿಗೆಂದು ಎದ್ದ ಕೋಟೆ 1792ರ ಹೊತ್ತಿಗೆ ಪೂರ್ಣಗೊಂಡಿತು.

ಎಂಟು ಮೂಲೆಗಳ ಲೆಕ್ಕಾಚಾರ

ನಮ್ಮ ಹಳೆಯ ಕೋಟೆಗಳು ಎತ್ತರವನ್ನು ನಂಬಿದ್ದವು. ಏಣಿ ಹಾಕುವವನಿಗೆ ಗೋಡೆ ಎತ್ತರವಾದಷ್ಟೂ ಕಷ್ಟ. ಆದರೆ ಫಿರಂಗಿ ಬಂದ ಮೇಲೆ ಎತ್ತರದ ಗೋಡೆಯೇ ಸುಲಭವಾದ ಗುರಿಯಾಯಿತು. ಇದಕ್ಕೆ ಯೂರೋಪು ಕಂಡುಕೊಂಡ ಉತ್ತರ ನಕ್ಷತ್ರಾಕಾರದ ಕೋಟೆ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ವೋಬಾನ್ ಎಂಬ ದಳಪತಿ ಆ ವಿದ್ಯೆಯನ್ನು ಶಾಸ್ತ್ರದ ಮಟ್ಟಕ್ಕೇರಿಸಿದನು. ಟಿಪ್ಪುವಿನ ಬಳಿಯಿದ್ದ ಫ್ರೆಂಚರ ನೆರವಿನಿಂದ ಅದು ನಮ್ಮ ಘಟ್ಟವನ್ನೇರಿತು.

ಇದರ ಗುಟ್ಟು ಸರಳ. ಸಾಮಾನ್ಯ ಕೋಟೆಯಲ್ಲಿ ಶತ್ರು ಹೇಗಾದರೂ ಗೋಡೆಯ ಬುಡವನ್ನು ಸೇರಿದರೆ ಮೇಲಿನವರ ಕಣ್ಣಿಗೆ ಬೀಳುವುದಿಲ್ಲ. ನಕ್ಷತ್ರದ ಮೂಲೆಗಳು ಹೊರಚಾಚಿರುವುದರಿಂದ ಒಂದು ಮೂಲೆಯಲ್ಲಿ ನಿಂತ ಸೈನಿಕನಿಗೆ ಪಕ್ಕದ ಮೂಲೆಯ ಗೋಡೆಯ ಬುಡವೆಲ್ಲ ನಿಚ್ಚಳವಾಗಿ ಕಾಣುತ್ತದೆ. ಹೀಗೆ ಎಂಟು ಮೂಲೆಗಳೂ ಒಂದನ್ನೊಂದು ಕಾಯುತ್ತವೆ. ಅವಿತುಕೊಳ್ಳಲು ಗೇಣು ನೆಲವೂ ಉಳಿಯುವುದಿಲ್ಲ. ಹೊರಗೋಡೆ ಗಾರೆ ಹಾಕಿ ಕಟ್ಟಿದ ಕಲ್ಲಿನದು, ಸುತ್ತಲೂ ಕಂದಕ. ಒಳಗಣ ಕಟ್ಟಡಗಳು ಹೆಚ್ಚಾಗಿ ಇಟ್ಟಿಗೆಯವು.

ಹೆಬ್ಬಾಗಿಲನ್ನು ದಾಟುವಾಗ ತಲೆಯೆತ್ತಿ ನೋಡಲು ಮರೆಯಬಾರದು. ಕೋಟೆಯ ನಕ್ಷೆಯನ್ನೇ ಅಲ್ಲಿಯ ಮೇಲ್ಛಾವಣಿಯಲ್ಲಿ ಮೂಡಿಸಿದ್ದಾರೆ. ಒಳಗೆ ಹೋದರೆ ನಟ್ಟನಡುವೆ ಶಿಲುಬೆಯಾಕಾರದ ಕೊಳ. ನಾಲ್ಕು ಕಡೆಯಿಂದಲೂ ಮೆಟ್ಟಿಲುಗಳು ಇಳಿದು ನೀರನ್ನು ಮುಟ್ಟುತ್ತವೆ. ಅದರ ಪಕ್ಕದಲ್ಲಿ ನೆಲಮಾಳಿಗೆಯಂತಹ ಎರಡು ಮದ್ದಿನ ಮನೆಗಳು. ಹೊರಗೆ ಬಿಸಿಲಿದ್ದರೂ ಒಳಗೆ ಕಾಲಿಟ್ಟೊಡನೆ ಮೈ ತಣ್ಣಗಾಗುತ್ತದೆ.

ಬಾರದ ಶತ್ರು

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಕೋಟೆ ಕಾದು ಕುಳಿತಿತು. ಶತ್ರು ಬಂದನು, ಆದರೆ ಈ ದಾರಿಯಲ್ಲಿ ಬರಲಿಲ್ಲ. 1799ರಲ್ಲಿ ಜನರಲ್ ಹ್ಯಾರಿಸ್ ಪೂರ್ವದ ಬಯಲಿನಿಂದ ಬಂದನು. ಬೊಂಬಾಯಿಯ ಸೇನೆ ಕಣ್ಣಾನೂರಿನಲ್ಲಿಳಿದು ಕೊಡಗಿನ ಮೂಲಕ ಹತ್ತಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಸುಲ್ತಾನನು ಕಾದಾಡಿ ಮಡಿದನು. ಎಂಟು ಮೂಲೆಗಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಶತ್ರು ಬರುವ ದಿಕ್ಕು.

ಈ ಸೀಮೆಯ ಕಥೆ ಅಲ್ಲಿಗೂ ಮುಗಿಯಲಿಲ್ಲ. ಇದು ಮೊದಲು ಬಲಂ ಸೀಮೆ, ಐಗೂರಿನ ನಾಯಕರ ನೆಲ. 1792ರಲ್ಲಿ ಐಗೂರಿನ ಕೃಷ್ಣಪ್ಪ ನಾಯಕನು ಮರಾಠರ ಪರಶುರಾಮ ಭಾವುವನ್ನು ಕೂಡಿಕೊಂಡು, ಆಮೇಲೆ ಟಿಪ್ಪುವಿನ ಕೋಪಕ್ಕೆ ಹೆದರಿ ಕೊಡಗಿಗೆ ಓಡಿದ್ದನು. ಅವನ ಮಗ ವೆಂಕಟಾದ್ರಿ ನಾಯಕನು ಟಿಪ್ಪು ಮಡಿದ ಮೇಲೆ ಇಂಗ್ಲಿಷರಿಗೂ ತಲೆಬಾಗಲಿಲ್ಲ. ಅವನು ನೆಚ್ಚಿದ್ದು ದಟ್ಟವಾದ ಕಾಡನ್ನು. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ ಆ ಕಾಡಿಗೇ ನುಗ್ಗಿದನು. ಸೆರೆಸಿಕ್ಕ ನಾಯಕನನ್ನು ಗಲ್ಲಿಗೇರಿಸಲಾಯಿತು. ಮುಂದೆ 1815ರಲ್ಲಿ ವಾಟರ್‌ಲೂವಿನಲ್ಲಿ ನೆಪೋಲಿಯನನನ್ನು ಸೋಲಿಸಿದವನು ಇದೇ ವೆಲ್ಲೆಸ್ಲಿ. ಸುಲ್ತಾನನ ಶಾಸ್ತ್ರೀಯ ಕೋಟೆಯೂ ಉಳಿಸಲಿಲ್ಲ, ನಾಯಕನ ಕಾಡೂ ಉಳಿಸಲಿಲ್ಲ.

ಇಂದು ಮಂಜರಾಬಾದಿನ ಶತ್ರುಗಳು ಬೇರೆ. ಮಲೆನಾಡಿನ ಮಳೆ, ಗಾರೆಯ ಸಂದಿಯಲ್ಲಿ ಬೇರುಬಿಡುವ ಗಿಡಗಂಟಿ. ಇವೆರಡಕ್ಕಿಂತ ಮಿಗಿಲಾಗಿ, ಗೋಡೆಯ ಮೇಲೆ ತಮ್ಮ ಹೆಸರನ್ನು ಕೆತ್ತಿ ಹೋಗುವ ಪ್ರವಾಸಿಗರು. ಯಾವ ಫಿರಂಗಿಗೂ ಗುರಿಯಾಗದ ಗೋಡೆಗೆ ನಮ್ಮ ಕೈಯಿಂದ ಗಾಯವಾಗಬಾರದು. ಬಿಡುವಿನ ದಿನ ಮಕ್ಕಳೊಡನೆ ಅಲ್ಲಿಗೆ ಹೋಗಿಬನ್ನಿ. ಕೋಟೆಯ ಮೂಲೆಯೊಂದರಲ್ಲಿ ನಿಂತು ಪಕ್ಕದ ಗೋಡೆಯ ಬುಡವನ್ನು ಅವರಿಗೆ ತೋರಿಸಿ. ಇನ್ನೂರು ವರ್ಷಗಳ ಹಿಂದಿನ ಲೆಕ್ಕಾಚಾರ ಅವರಿಗೆ ತಾನಾಗಿ ಅರ್ಥವಾಗುತ್ತದೆ. ಅಷ್ಟು ಹೊತ್ತು ಮಂಜು ಸರಿದಿದ್ದರೆ!